ಕಾಯಕ, ದಾಸೋಹ ಮತ್ತು ಗಣಕ: ಸ್ವಂತ ಬಲದ ಮೇಲೆ ಕನ್ನಡದ ನೆಲೆ ಕಟ್ಟಿದವರು

ಹೈದರಾಬಾದು, ಪುಣೆ, ಬೆಂಗಳೂರುಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಈಚೆಗೆ ಒಂದು ಹಂಬಲ ಹುಟ್ಟಿದೆ. ಅಂತರ್ಜಾಲದಲ್ಲಿ ತಮ್ಮದೇ ಆದ ಒಂದು ಉದ್ಯಮವನ್ನೋ ಸಮಾನಾಸಕ್ತರ ಬಳಗವನ್ನೋ ಕಟ್ಟಬೇಕು, ಯಾರ ಕೈಕೆಳಗೂ ಇರದೆ ಅದನ್ನು ನಡೆಸಬೇಕು ಎಂಬುದು ಆ ಹಂಬಲ. ‘ಗುರುಗಳೇ, ಕೊಡಂಬಲದಂಥ ಊರಿನಿಂದ ಬಂದವರಿಗೆ ಇದು ಆಗುವ ಕೆಲಸವೇ?’ ಎಂದು ಅವರು ಕೇಳುತ್ತಾರೆ. ನಾನು ವ್ಯಾಪಾರ ಬಲ್ಲವನಲ್ಲ, ಪಾಠ ಹೇಳಿ ನಿವೃತ್ತನಾದವನು. ಆದ್ದರಿಂದ ಲಾಭನಷ್ಟದ ಲೆಕ್ಕವನ್ನು ಬಲ್ಲವರಿಗೆ ಬಿಟ್ಟು, ಈ ಹಾದಿಯಲ್ಲಿ ಮೊದಲೇ ನಡೆದ ಕನ್ನಡಿಗರ ಇತಿಹಾಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಸರ್ಕಾರದ ಆದೇಶಕ್ಕೂ ದೊಡ್ಡ ಬಂಡವಾಳಕ್ಕೂ ಕಾಯದೆ ಜನರನ್ನು ಒಂದೆಡೆ ಕೂಡಿಸಿದವರು ನಮ್ಮಲ್ಲಿ ಅನೇಕರಿದ್ದಾರೆ. ಅವರಲ್ಲಿ ಯಾರ ಕೆಲಸ ಉಳಿಯಿತು, ಏಕೆ ಉಳಿಯಿತು ಎಂಬುದು ಕೇಳಬೇಕಾದ ಪ್ರಶ್ನೆ.

ಮೊದಲು ನಮ್ಮ ಜಿಲ್ಲೆಯ ಮಾತು. 1948ರ ಸೆಪ್ಟೆಂಬರ್‌ವರೆಗೆ ಬೀದರ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು, ಶಾಲೆಯ ಭಾಷೆಯೂ ಬಹುಮಟ್ಟಿಗೆ ಉರ್ದು. ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಕನ್ನಡದ ಅಕ್ಷರ ಕಲಿಸುವವರಿರಲಿಲ್ಲ. ಅಂಥ ದಿನಗಳಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ನಮ್ಮ ಭಾಗದ ಹಿರಿಯರು ಇಂದಿಗೂ ಹೇಳುತ್ತಾರೆ. 1999ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದಾಗ ಅವರು ಕಟ್ಟಿದ ಶಿಕ್ಷಣ ಸಂಸ್ಥೆ ಜಿಲ್ಲೆಯಲ್ಲಿ ಬೇರುಬಿಟ್ಟಿತ್ತು. ಓದುವವರೇ ಇಲ್ಲದ ಕಡೆ ಓದುವವರನ್ನು ಮೊದಲು ಸಿದ್ಧಪಡಿಸಬೇಕು, ಅನುಮತಿ ಬರುವವರೆಗೆ ಕೈಕಟ್ಟಿ ಕೂರಬಾರದು ಎಂಬುದು ಅವರ ನಡೆಯಿಂದ ತಿಳಿಯುವ ಪಾಠ.

ಎರಡನೆಯ ಉದಾಹರಣೆ ವಿಜಾಪುರದ ಫ.ಗು. ಹಳಕಟ್ಟಿಯವರದು. ಧಾರವಾಡದಲ್ಲಿ 1880ರಲ್ಲಿ ಹುಟ್ಟಿದ ಅವರು ವೃತ್ತಿಯಿಂದ ವಕೀಲರು. ಕಲ್ಯಾಣದ ಶರಣರ ವಚನಗಳು ಹಳ್ಳಿಹಳ್ಳಿಯ ಮನೆಗಳಲ್ಲಿ, ಮಠಗಳಲ್ಲಿ ತಾಳೆಗರಿಯ ಕಟ್ಟುಗಳಾಗಿ ಧೂಳು ಹಿಡಿಯುತ್ತಿದ್ದುದನ್ನು ಕಂಡು ಅವುಗಳನ್ನು ಕೂಡಿಸಲು ಹೊರಟರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂತು. ಬೇರೆಯವರ ಮುದ್ರಣಾಲಯವನ್ನು ನೆಚ್ಚಿಕೊಂಡರೆ ಕೆಲಸ ಸಾಗದೆಂದು 1925ರಲ್ಲಿ ಸ್ವಂತ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ ಆರಂಭವಾದವು.

ಹಳಕಟ್ಟಿಯವರನ್ನು ‘ವಚನ ಪಿತಾಮಹ’ ಎಂದು ಕರೆದು ನಾವು ಸುಮ್ಮನಾಗುತ್ತೇವೆ. ಅವರ ಇನ್ನೊಂದು ಮುಖ ನನ್ನ ವಿದ್ಯಾರ್ಥಿಗಳಿಗೆ ತಿಳಿದಿರಬೇಕು. 1910ರಲ್ಲಿ ವಿಜಾಪುರದ ಶಿಕ್ಷಣ ಸಂಸ್ಥೆಯನ್ನೂ 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನೂ ಕಟ್ಟುವುದರಲ್ಲಿ ಮುಂದಾಳಾಗಿದ್ದವರು ಅವರೇ. ಈ ಎರಡೂ ಸಂಸ್ಥೆಗಳು ಅನೇಕರ ಪಾಲುಗಾರಿಕೆಯಿಂದ ನಿಂತವು. ಮುದ್ರಣಾಲಯವೂ ಪತ್ರಿಕೆಯೂ ಬಹುಮಟ್ಟಿಗೆ ಅವರೊಬ್ಬರ ಹೆಗಲ ಮೇಲೆಯೇ ಉಳಿದು, ಅವರು ಕೊನೆಯವರೆಗೂ ಬಡತನದಲ್ಲಿ ಬದುಕಿ 1964ರಲ್ಲಿ ತೀರಿಕೊಂಡರು. ಒಬ್ಬನೇ ಮನುಷ್ಯನ ಎರಡು ಬಗೆಯ ಕೆಲಸಕ್ಕೆ ಎರಡು ಬಗೆಯ ಗತಿಯಾಯಿತು. ಹೊರೆ ಹೊರುವವರು ಹಲವರಿದ್ದ ಕಡೆ ಸಂಸ್ಥೆ ಬೆಳೆಯಿತು, ಒಬ್ಬರೇ ಇದ್ದ ಕಡೆ ಆ ಒಬ್ಬರು ಸವೆದುಹೋದರು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಗಣಕದ ಕಾಲಕ್ಕೆ ಬರೋಣ. ಗಣಕಕ್ಕೆ ಕನ್ನಡ ತಾನಾಗಿಯೇ ಬರಲಿಲ್ಲ. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ 26 ಅಕ್ಷರದ ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆಯನ್ನು ಉಚ್ಚಾರಣೆಗೆ ಹೊಂದುವಂತೆ ಕೂರಿಸಿದರು. ಅದೇ ವಿನ್ಯಾಸವನ್ನು ಮುಂದೆ ಕರ್ನಾಟಕ ಸರ್ಕಾರವೂ ಒಪ್ಪಿಕೊಂಡಿತು. ರಾಯರು ತಮ್ಮ ‘ಸೇಡಿಯಾಪು’ ತಂತ್ರಾಂಶವನ್ನು ಉಚಿತವಾಗಿಯೇ ಹಂಚಿದರು.

1996ರ ಡಿಸೆಂಬರಿನಲ್ಲಿ ಡಾ. ಯು.ಬಿ. ಪವನಜ ಅವರು ‘ವಿಶ್ವಕನ್ನಡ’ವನ್ನು ಆರಂಭಿಸಿದರು. ಕನ್ನಡದ ಮೊದಲ ಅಂತರ್ಜಾಲ ಪತ್ರಿಕೆಯೆಂದು ಹೆಸರಾದುದು ಇದು. ಪವನಜರು ಮುಂಬಯಿಯ ಭಾಭಾ ಅಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು; ಭದ್ರವಾದ ಆ ನೌಕರಿಯನ್ನು ಬಿಟ್ಟು ಕನ್ನಡ ಮತ್ತು ಗಣಕದ ಕೆಲಸಕ್ಕೆ ಇಳಿದರು. ಮಕ್ಕಳು ಕನ್ನಡದಲ್ಲೇ ಆಜ್ಞೆ ಕೊಟ್ಟು ಗಣಕಕ್ರಮ ಕಲಿಯಲೆಂದು ಅವರು ಲೋಗೋ ತಂತ್ರಾಂಶದ ಕನ್ನಡ ರೂಪವನ್ನೂ ಸಿದ್ಧಪಡಿಸಿದರು. ಆ ದಿನಗಳಲ್ಲಿ ಕನ್ನಡದ ಒಂದು ಪುಟ ತೆರೆಯಬೇಕಾದರೆ ಓದುಗನು ಮೊದಲು ಅದರ ಅಕ್ಷರಶೈಲಿಯನ್ನು, ಅಂದರೆ ಫಾಂಟನ್ನು, ತನ್ನ ಗಣಕಕ್ಕೆ ಇಳಿಸಿಕೊಳ್ಳಬೇಕಾಗಿತ್ತು. ಇಲ್ಲವಾದರೆ ತೆರೆಯ ಮೇಲೆ ಅರ್ಥವಿಲ್ಲದ ಗುರುತುಗಳಷ್ಟೇ ಕಾಣುತ್ತಿದ್ದವು. ಇಷ್ಟು ತೊಂದರೆಪಟ್ಟು ಓದುವವರು ಆಗ ಕೆಲವರೇ. ಆದರೂ ಪತ್ರಿಕೆ ಹೊರಟಿತು.

1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ಅವರು ‘ಬರಹ’ ತಂತ್ರಾಂಶವನ್ನು ಬಿಡುಗಡೆ ಮಾಡಿದರು. ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೀಲಿಸಿದರೆ ಅದು ಕನ್ನಡ ಲಿಪಿಯಾಗಿ ಮೂಡುತ್ತಿತ್ತು. ದುಬಾರಿ ತಂತ್ರಾಂಶ ಕೊಳ್ಳಲಾಗದ ವಿದ್ಯಾರ್ಥಿಗಳು, ಪರದೇಶದಲ್ಲಿದ್ದು ಕನ್ನಡ ಬರೆಯುವುದು ಮರೆತುಹೋಗುತ್ತಿದ್ದವರು, ನಿವೃತ್ತ ಮೇಷ್ಟ್ರುಗಳು ಎಲ್ಲರೂ ಬರೆಯಲು ತೊಡಗಿದರು. ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರು ಗಣಕದಲ್ಲಿ ಮೊದಲ ಕನ್ನಡ ಪದ ಮೂಡಿಸಿದ್ದು ‘ಬರಹ’ದಿಂದಲೇ ಇರಬೇಕು. ಹಲವು ವರ್ಷ ಉಚಿತವಾಗಿದ್ದ ಅದರ ಮುಂದಿನ ಆವೃತ್ತಿಗಳಿಗೆ ಶುಲ್ಕ ಬಂತು. ಆಗ ಕೆಲವರು ಗೊಣಗಿದರು. ಆ ಗೊಣಗಾಟ ನನಗೆ ನ್ಯಾಯವೆನಿಸಲಿಲ್ಲ. ಹೊಸ ಗಣಕವ್ಯವಸ್ಥೆ ಬಂದಾಗಲೆಲ್ಲ ತಂತ್ರಾಂಶವನ್ನು ಮತ್ತೆ ತಿದ್ದಬೇಕು; ತಿದ್ದುವವನಿಗೂ ಮನೆಯಿದೆ, ಹೊಟ್ಟೆಯಿದೆ. ದುಡಿದವನಿಗೆ ದುಡಿಮೆಯ ಫಲ ಸಲ್ಲಬೇಕೆಂಬುದು ಕಾಯಕ ತತ್ತ್ವದ ಒಂದು ಅಂಗವೇ ಆಗಿದೆ.

ಆನಂತರದ ಐದಾರು ವರ್ಷಗಳಲ್ಲಿ ಮೂರು ಬೇರೆಬೇರೆ ಹಾದಿಗಳು ತೆರೆದವು. 2000ದಲ್ಲಿ ಬಂದ ‘ದಟ್ಸ್‌ಕನ್ನಡ’ ವ್ಯಾಪಾರದ ಹಾದಿ. ಎಸ್.ಕೆ. ಶಾಮಸುಂದರ ಅವರ ಸಂಪಾದಕತ್ವದಲ್ಲಿ ಅದು ದಿನದ ಸುದ್ದಿಯನ್ನು ದೂರದೇಶದ ಕನ್ನಡಿಗರಿಗೆ ತಲುಪಿಸಿತು, ಅವರಿಂದಲೇ ಅಂಕಣಗಳನ್ನೂ ಬರೆಯಿಸಿತು. ಮುಂದೆ ಅದು ‘ಒನ್‌ಇಂಡಿಯಾ’ ಎಂಬ ಬಹುಭಾಷಾ ತಾಣದಲ್ಲಿ ಸೇರಿಕೊಂಡಿತು. 2003ರ ಜೂನ್ ತಿಂಗಳಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಎರಡನೆಯ ಹಾದಿ, ಅದಕ್ಕೆ ಒಡೆಯರಿಲ್ಲ. ಬರೆದವರು ತಮ್ಮ ಬರಹವನ್ನು ಯಾರು ಬೇಕಾದರೂ ಬಳಸಲು ಮುಕ್ತವಾಗಿ ಬಿಡುತ್ತಾರೆ, ಖರ್ಚನ್ನು ಲೋಕದ ದಾನಿಗಳು ಹೊರುತ್ತಾರೆ. ಮೂರನೆಯದು 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರು ಆರಂಭಿಸಿದ ‘ಸಂಪದ’. ವಿಕಿಪೀಡಿಯದಲ್ಲೂ ಮೊದಲಿನಿಂದ ದುಡಿದಿದ್ದ ಈ ತರುಣರು ಸ್ವಂತ ಆಸಕ್ತಿಯಿಂದ, ಗೆಳೆಯರ ನೆರವಿನಿಂದ ಆ ತಾಣವನ್ನು ನಡೆಸಿದರು. ಪತ್ರಿಕೆಗಳಲ್ಲಿ ಹೆಸರು ಕಾಣದ ಎಷ್ಟೋ ಮಂದಿ ಅಲ್ಲಿ ಲೇಖನ, ಕವನ ಬರೆದರು. ಕನ್ನಡ ಪದಗಳ ಬಗ್ಗೆ ವಾದ ಮಾಡಿದರು, ಜಗಳವಾಡಿದರು, ಸ್ನೇಹಿತರಾದರು.

ಇದೇ ಕಾಲದಲ್ಲಿ ಇನ್ನೂ ಹೆಚ್ಚಿನ ಜನ ಆರಿಸಿಕೊಂಡ ಸುಲಭದ ಹಾದಿಯೊಂದಿತ್ತು. ದೊಡ್ಡ ಕಂಪನಿಗಳು ಪುಕ್ಕಟೆಯಾಗಿ ಕೊಟ್ಟ ಜಾಗದಲ್ಲಿ ಬಳಗ ಕಟ್ಟುವುದೇ ಅದು. ಪುಕ್ಕಟೆ ಪುಟಗಳಿಗೆ ಹೆಸರಾಗಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ನಮ್ಮ ದೇಶದ ತರುಣರು ಮುಗಿಬಿದ್ದಿದ್ದ ಆರ್ಕುಟ್ 2014ರಲ್ಲಿ ಮುಚ್ಚಿತು. ಊರಿನ ಹೆಸರಿನಲ್ಲಿ, ಕಾಲೇಜಿನ ಹೆಸರಿನಲ್ಲಿ ಅನೇಕರು ಬಳಸುತ್ತಿದ್ದ ಯಾಹೂ ಗುಂಪುಗಳು 2020ರ ಡಿಸೆಂಬರಿನಲ್ಲಿ ಕೊನೆಗೊಂಡವು. ಹೊಲ ಉತ್ತು ಬಿತ್ತಿದವನು ಒಬ್ಬ, ಪಹಣಿಯಲ್ಲಿ ಹೆಸರಿದ್ದವನು ಮತ್ತೊಬ್ಬ. ತೊಗರಿ ಬೆಳೆಯುವ ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಾಗದ ಮಾತಾಯಿತು, ಇನ್ನು ಅಕ್ಷರದ ಮಾತು. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಲ್ಲೇ ಸ್ಥಾನ ದೊರಕಿತ್ತು. ಪ್ರತಿಯೊಂದು ಅಕ್ಷರಕ್ಕೂ ಲೋಕವೆಲ್ಲ ಒಪ್ಪಿದ ಒಂದು ಸಂಖ್ಯೆ ಎಂಬುದು ಅದರ ಸಾರ. ಆದರೆ ಬಳಕೆಯ ಗಣಕಗಳಿಗೆ ಅದು ಬಂದದ್ದು ತಡವಾಗಿ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಅಕ್ಷರಶೈಲಿಯೊಡನೆ ಕನ್ನಡ ಸೇರಿತು. ಅದಕ್ಕೆ ಮೊದಲೂ, ಎಷ್ಟೋ ಕಡೆ ಆಮೇಲೆಯೂ, ಪ್ರತಿಯೊಂದು ತಂತ್ರಾಂಶಕ್ಕೆ ತನ್ನದೇ ಗುಟ್ಟಿನ ಸಂಕೇತವಿತ್ತು. ಒಂದರಲ್ಲಿ ಬರೆದುದನ್ನು ಇನ್ನೊಂದರಲ್ಲಿ ಓದಲಾಗದು, ಹುಡುಕಲಾಗದು. ಹಾಗೆ ಬರೆದಿಟ್ಟ ಕಡತಗಳನ್ನು ಪರಿವರ್ತಕ ತಂತ್ರಾಂಶದ ನೆರವಿಲ್ಲದೆ ಇಂದು ತೆರೆದರೆ ಬರಿಯ ಗೋಜಲು ಕಾಣುತ್ತದೆ. ಕಾಗದ ಹರಿಯಲಿಲ್ಲ, ಗೆದ್ದಲು ತಿನ್ನಲಿಲ್ಲ; ಆದರೂ ಬರಹ ಕಳೆದುಹೋಯಿತು.

ಇಲ್ಲಿ ನನಗೆ ಬಸವಕಲ್ಯಾಣ ನೆನಪಾಗುತ್ತದೆ. 12ನೆಯ ಶತಮಾನದಲ್ಲಿ ಕಲ್ಯಾಣದ ಶರಣರ ಕೂಟ ಚದುರಿದಾಗ ಅವರ ಹಿಂದೆ ರಾಜ್ಯವಿರಲಿಲ್ಲ, ಭಂಡಾರವಿರಲಿಲ್ಲ. ಉಳಿದದ್ದು ವಚನ. ಅದು ಜನರ ನುಡಿಯಲ್ಲಿತ್ತು, ಯಾರು ಬೇಕಾದರೂ ಕಲಿಯಬಹುದಿತ್ತು, ನಕಲು ಮಾಡಿಕೊಳ್ಳಬಹುದಿತ್ತು. ಆದ್ದರಿಂದಲೇ 15ನೆಯ ಶತಮಾನದಲ್ಲಿ ಪ್ರೌಢದೇವರಾಯನ ಕಾಲದ ವಿಜಯನಗರದಲ್ಲಿ ಅವನ್ನು ಮತ್ತೆ ಸಂಕಲಿಸಲು ಸಾಧ್ಯವಾಯಿತು, 20ನೆಯ ಶತಮಾನದಲ್ಲಿ ಹಳಕಟ್ಟಿಯವರ ಕೈಗೆ ಕಟ್ಟುಗಳು ದೊರೆತವು. ಆಮೇಲೆ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳು 15 ಸಂಪುಟಗಳಾಗಿ ಬಂದವು. 2013ರಲ್ಲಿ ಓಂಶಿವಪ್ರಕಾಶ್ ಮತ್ತು ಅವರ ಗೆಳೆಯರು ಸ್ವಯಂಸೇವೆಯಿಂದ ‘ವಚನ ಸಂಚಯ’ವನ್ನು ರೂಪಿಸಿದಾಗ 20 ಸಾವಿರಕ್ಕೂ ಹೆಚ್ಚು ವಚನಗಳು ಯೂನಿಕೋಡಿನಲ್ಲಿ ದೊರೆತವು, ಒಂದು ಪದ ಯಾವ ಯಾವ ವಚನಕಾರರಲ್ಲಿ ಬಂದಿದೆ ಎಂಬುದನ್ನು ಕ್ಷಣದಲ್ಲಿ ಹುಡುಕಬಹುದಾಯಿತು. ನಕಲು ಮಾಡಿಕೊಳ್ಳಲು ಬಿಟ್ಟ ಬರಹ ಎಂಟು ನೂರು ವರ್ಷಗಳ ಪಯಣವನ್ನು ಹೀಗೆ ಮುಗಿಸಿತು. ಗುಟ್ಟಿನ ಸಂಕೇತದಲ್ಲಿ ಬೀಗ ಹಾಕಿದ ಬರಹಕ್ಕೆ ಇಪ್ಪತ್ತು ವರ್ಷವೂ ದಾಟುವುದು ಕಷ್ಟವಾಯಿತು.

ಹಾಗಾದರೆ ಸ್ವತಂತ್ರವಾಗಿ ಏನನ್ನಾದರೂ ಕಟ್ಟಹೊರಟವನು ಈ ಇತಿಹಾಸದಿಂದ ಏನು ತಿಳಿಯಬೇಕು? ಶರಣರು ಎರಡು ಮಾತು ಕೊಟ್ಟರು: ಕಾಯಕ, ದಾಸೋಹ. ಉದ್ಯಮ ಕಾಯಕದ ಕಡೆಗೆ ಬರುತ್ತದೆ, ಬಳಗ ದಾಸೋಹದ ಕಡೆಗೆ. ಕಾಯಕವಿಲ್ಲದ ದಾಸೋಹ ನಡೆಯದು. ವರ್ಷವರ್ಷವೂ ಜಾಲತಾಣದ ಬಾಡಿಗೆ ಕಟ್ಟುವವರಾರು ಎಂದು ಮೊದಲೇ ಗೊತ್ತುಮಾಡಿಕೊಳ್ಳದ ಬಳಗ, ಕಟ್ಟಿದವನ ಉತ್ಸಾಹ ಇಳಿದ ದಿನ ನಿಲ್ಲುತ್ತದೆ. ದಾಸೋಹವಿಲ್ಲದ ಕಾಯಕಕ್ಕೂ ಎಚ್ಚರ ಬೇಕು. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಮರಳಿ ಚೆಲ್ಲಿ ಬರಲು ಹೇಳಿದ ಕತೆಯನ್ನು ನಾನು ತರಗತಿಯಲ್ಲಿ ಹೇಳಿದ್ದು ನಿಮಗೆ ನೆನಪಿರಬಹುದು. ಬೇಗ ಬೆಳೆಯಲೆಂದು ಬಳಗದ ಜನರನ್ನೇ ಸರಕಾಗಿ ಮಾರಹೊರಟರೆ ಜನ ಎದ್ದು ಹೋಗುತ್ತಾರೆ.

ಆದ್ದರಿಂದ ನನ್ನನ್ನು ಕೇಳುವವರಿಗೆ ನಾನು ಮೂರು ಪ್ರಶ್ನೆಗಳನ್ನು ಕೇಳುತ್ತೇನೆ. ಮೂರನೆಯ ವರ್ಷದ ಖರ್ಚು ಎಲ್ಲಿಂದ ಬರುತ್ತದೆ? ನೀವು ಕಾಯಿಲೆ ಬಿದ್ದರೆ ಕೀಲಿಕೈ ಯಾರ ಬಳಿ ಇರುತ್ತದೆ? ಜನ ನಿಮ್ಮನ್ನು ನಂಬಿ ಬರೆದುದನ್ನು ಹೊತ್ತುಕೊಂಡು ಬೇರೆಡೆ ಹೋಗುವ ಅವಕಾಶ ಅವರಿಗೆ ಇದೆಯೇ? ಈ ಮೂರಕ್ಕೂ ಉತ್ತರವಿದ್ದರೆ ಕೊಡಂಬಲದಿಂದಲೂ ಮಾಡಬಹುದು, ಹುಮನಾಬಾದಿನಿಂದಲೂ ಮಾಡಬಹುದು. ನಮ್ಮಲ್ಲಿ ಮಾಡಬೇಕಾದುದೂ ಬೇಕಾದಷ್ಟಿದೆ. ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ಬೆರೆತ ಬೀದರ ಸೀಮೆಯ ಆಡುಮಾತನ್ನು ಕಲೆಹಾಕಬಹುದು. ತೊಗರಿ ಬೆಳೆಗಾರರನ್ನು ಕೊಳ್ಳುವವರೊಂದಿಗೆ ನೇರವಾಗಿ ಕೂಡಿಸಬಹುದು. ಬಿದರಿ ಕುಶಲಕರ್ಮಿಯ ಕೆಲಸಕ್ಕೆ ದೂರದ ಗಿರಾಕಿಯನ್ನು ಹುಡುಕಿಕೊಡಬಹುದು. ಯಾವುದನ್ನೇ ಕೈಗೆತ್ತಿಕೊಳ್ಳಿ, ಮೊದಲ ದಿನವೇ ಇನ್ನೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಲೆಕ್ಕದ ಪುಸ್ತಕವನ್ನು ಅವರ ಮುಂದೆ ತೆರೆದಿಡಿ. ಉಳಿದುದನ್ನು ಕೆಲಸವೇ ಕಲಿಸುತ್ತದೆ.