ಆಫ್ ಆಗಿರೋ ಕಂಪ್ಯೂಟರನ್ನ ಎಬ್ಬಿಸೋ ಕಥೆ

"ಬಿಕಾಂ ಓದೋನಿಗೆ ಕಂಪ್ಯೂಟರ್ ಇತಿಹಾಸ ಯಾಕೆ ಬೇಕು ಗುರೂ" ಅಂತ ಕೇಳೋರು ಇವತ್ತಿಂದು ಪೂರ್ತಿ ಓದಿ. ಇದು ಖರ್ಚಿನ ಲೆಕ್ಕದ ಕಥೆ.

ವೇಕ್ ಆನ್ ಲ್ಯಾನ್ ಅಂದ್ರೆ ಆಫ್ ಆಗಿರೋ ಕಂಪ್ಯೂಟರನ್ನ ಬೇರೆ ಕಡೆ ಕೂತು, ನೆಟ್‌ವರ್ಕ್ ಮೂಲಕವೇ ಆನ್ ಮಾಡೋದು. 1990ರ ದಶಕದ ದೊಡ್ಡ ಆಫೀಸ್ ಒಂದನ್ನ ಊಹಿಸಿ. ಸಾವಿರಾರು ಪಿಸಿ. ಎಲ್ಲದಕ್ಕೂ ಹೊಸ ಸಾಫ್ಟ್‌ವೇರ್ ಹಾಕ್ಬೇಕು. ಹಗಲು ಹಾಕಿದ್ರೆ ಕೆಲಸ ನಿಲ್ಲುತ್ತೆ, ರಾತ್ರಿ ಹಾಕೋಣ ಅಂದ್ರೆ ಎಲ್ಲರೂ ಆಫ್ ಮಾಡಿ ಮನೆಗೆ ಹೋಗಿರ್ತಾರೆ. ಯಾರಾದ್ರೂ ಮೇಜಿಂದ ಮೇಜಿಗೆ ಓಡಾಡಿ ಸ್ವಿಚ್ ಒತ್ತಬೇಕು, ಅವರಿಗೆ ಸಂಬಳ ಕೊಡಬೇಕು.

ಈ ಥರದ ಖರ್ಚಿಗೆ ಒಂದು ಹೆಸರಿದೆ, ಟೋಟಲ್ ಕಾಸ್ಟ್ ಆಫ್ ಓನರ್‌ಶಿಪ್. ಗಾರ್ಟ್ನರ್ ಸಂಸ್ಥೆ 1987ರಲ್ಲಿ ಇದನ್ನ ಕಂಪ್ಯೂಟರ್‌ಗಳಿಗೆ ಅನ್ವಯಿಸಿತು. ಪಿಸಿಯ ಬಿಲ್‌ನಲ್ಲಿರೋ ಬೆಲೆ ಬರೀ ಆರಂಭ, ರಿಪೇರಿ, ತರಬೇತಿ, ನಿರ್ವಹಣೆ ಎಲ್ಲ ಸೇರಿಸಿ ನೋಡಿ ಅನ್ನೋದು ವಾದ. 1995ರಲ್ಲಿ ಒರಾಕಲ್‌ನ ಲ್ಯಾರಿ ಎಲಿಸನ್ ಇದೇ ಜಾಗಕ್ಕೆ ಹೊಡೆದ್ರು: ಪಿಸಿ ಸಾಕೋದು ದುಬಾರಿ, ಸುಮಾರು 500 ಡಾಲರ್‌ನ ಸರಳ ನೆಟ್‌ವರ್ಕ್ ಕಂಪ್ಯೂಟರ್ ಸಾಕು ಅಂತ. ಪಿಸಿ ಮಾರೋರು ಸುಮ್ನಿರೋಕಾಗುತ್ತಾ? ದೂರದಿಂದಲೇ ಪಿಸಿ ನೋಡ್ಕೊಳ್ಳೋ ದಾರಿಗಳನ್ನ ಮುಂದಿಟ್ರು. ಐಬಿಎಂ ಮತ್ತು ಇಂಟೆಲ್ 1996ರಲ್ಲಿ ಕೈಜೋಡಿಸಿ, 1997ರಲ್ಲಿ ವೇಕ್ ಆನ್ ಲ್ಯಾನ್ ಘೋಷಿಸಿದ್ವು.

ಒಳಗಿನ ಉಪಾಯ ಮಾತ್ರ ಅದಕ್ಕೂ ಮುಂಚಿನದು. ಎಎಂಡಿ ಮತ್ತು ಎಚ್‌ಪಿ ಸೇರಿ ಮಾಡಿದ್ದು, ಹೆಸರು ಮ್ಯಾಜಿಕ್ ಪ್ಯಾಕೆಟ್, 1995. ಹೆಸರು ಕೇಳಿ ದೊಡ್ಡದೇನೋ ಅಂದ್ಕೋಬೇಡಿ. ಮೊದಲು ಎಲ್ಲ ಬಿಟ್ 1 ಇರೋ 6 ಬೈಟ್. ಆಮೇಲೆ ಎಬ್ಬಿಸಬೇಕಾದ ಕಂಪ್ಯೂಟರ್‌ನ ಮ್ಯಾಕ್ ವಿಳಾಸ, 16 ಸಲ. ವಿಳಾಸ 6 ಬೈಟ್, ಒಟ್ಟು 102. ಅಷ್ಟೇ! ನೆಟ್‌ವರ್ಕ್ ಕಾರ್ಡ್ ಏನನ್ನೂ ಅರ್ಥ ಮಾಡ್ಕೊಳ್ಳಲ್ಲ, ಬರೋ ಪ್ಯಾಕೆಟ್‌ಗಳಲ್ಲಿ ಈ ಸಾಲು ಇದ್ಯಾ ಅಂತ ನೋಡ್ತಾ ಇರುತ್ತೆ. ಬೆಳಿಗ್ಗೆ ಅಮ್ಮ ನಮ್ಮ ಹೆಸರು ಹದಿನಾರು ಸಲ ಕೂಗಿದ ಹಾಗೆ.

ಆಫ್ ಆದ ಮೇಲೆ ಕಾರ್ಡ್‌ಗೆ ಕರೆಂಟ್ ಎಲ್ಲಿಂದ? ಹಳೇ ಪಿಸಿಗಳ ಸ್ವಿಚ್ ಕರೆಂಟನ್ನೇ ಕಡಿದುಹಾಕ್ತಿತ್ತು. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ವಿನ್ಯಾಸದಲ್ಲಿ, ಪ್ಲಗ್ ಹಾಕಿರೋವರೆಗೂ 5 ವೋಲ್ಟ್‌ನ ಒಂದು ಸಣ್ಣ ಲೈನ್ ಜೀವಂತ ಇರುತ್ತೆ. ಮೊದಮೊದಲು ಕಾರ್ಡಿಂದ ಮದರ್‌ಬೋರ್ಡ್‌ಗೆ ಮೂರು ತಂತಿಯ ಪುಟ್ಟ ಕೇಬಲ್ ಬೇರೆ ಹಾಕಬೇಕಿತ್ತು, ಆಮೇಲೆ ಅದೂ ಹೋಯ್ತು. ನನ್ ಪ್ರಕಾರ ನಿಜವಾದ ಬದಲಾವಣೆ ಇಲ್ಲೇ ಆಗಿದ್ದು. ಅವತ್ತಿಂದ "ಆಫ್" ಅನ್ನೋ ಪದದ ಅರ್ಥವೇ ಬೇರೆ.

ಇನ್ನೊಂದು ವಿಷಯ. ಮೂಲ ಪ್ಯಾಕೆಟ್‌ಗೆ ಪಾಸ್‌ವರ್ಡ್ ಇಲ್ಲ. ಎದ್ದೆ ಅಂತ ಉತ್ತರವೂ ಬರಲ್ಲ. ಸೆಕ್ಯೂರ್‌ಆನ್ ಅಂತ 6 ಬೈಟ್‌ನ ಪಾಸ್‌ವರ್ಡ್ ಆಮೇಲೆ ಬಂತು, ಆದ್ರೆ ಎಲ್ಲ ಕಾರ್ಡ್‌ಗಳಲ್ಲೂ ಇಲ್ಲ. ಸಾಮಾನ್ಯವಾಗಿ ಈ ಕರೆ ರೂಟರ್ ದಾಟಿ ಹೊರಗಿಂದ ಬರಲ್ಲ, ಒಳಗಿರೋರು ನಮ್ಮೋರೇ ಅನ್ನೋ ನಂಬಿಕೆ. 2020ರ ಜನವರಿಯಲ್ಲಿ ಆ ನಂಬಿಕೆಗೇ ಏಟು ಬಿತ್ತು. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳೋ ರ‍್ಯೂಕ್ ರಾನ್ಸಮ್‌ವೇರ್ ಇದನ್ನೇ ಬಳಸ್ತಿದೆ ಅಂತ ಸಂಶೋಧಕರು ಬಯಲು ಮಾಡಿದ್ರು. ಒಂದು ಕಂಪ್ಯೂಟರ್‌ಗೆ ನುಗ್ಗೋದು, ಅದರಲ್ಲಿರೋ ಅಕ್ಕಪಕ್ಕದ ವಿಳಾಸಗಳ ಪಟ್ಟಿ ಓದೋದು, ಮಲಗಿರೋದನ್ನೆಲ್ಲ ಎಬ್ಬಿಸಿ ಅದರ ಫೈಲ್‌ಗಳಿಗೂ ಬೀಗ ಜಡಿಯೋದು. ರಾತ್ರಿ ಓಡಾಡೋರ ಸಂಬಳ ಉಳಿಸಿದ ಲೆಕ್ಕದಲ್ಲಿ ಈ ಖರ್ಚು ಯಾರೂ ಬರೆದಿರಲಿಲ್ಲ.

ನಿಮ್ಮ ಮನೆ ಪಿಸಿಯನ್ನ ಯಾವತ್ತೂ ಹೀಗೆ ಎಬ್ಬಿಸಲ್ಲ ಅಂದ್ರೆ, ಬಯಾಸ್ ಸೆಟ್ಟಿಂಗ್‌ನಲ್ಲಿ ವೇಕ್ ಆನ್ ಲ್ಯಾನ್ ಅನ್ನೋದನ್ನ ಹುಡುಕಿ ಆಫ್ ಮಾಡಿ. ಶಟ್‌ಡೌನ್ ಆದ ಮೇಲೂ ಹಿಂದುಗಡೆ ಕೇಬಲ್ ಚುಚ್ಚೋ ಜಾಗದಲ್ಲಿ ಪುಟ್ಟ ದೀಪ ಉರಿತಾ ಇದ್ರೆ, ಆ ಕಾರ್ಡ್‌ಗೆ ಇನ್ನೂ ಕರೆಂಟ್ ಹೋಗ್ತಿದೆ ಅಂತ ಅರ್ಥ.