ಮಾದರಿ ಸಮೀಕ್ಷೆ: ಮಿತ ವೆಚ್ಚದಲ್ಲಿ ನಂಬಲರ್ಹ ಅಂದಾಜು

ಒಂದು ರಾಜ್ಯದ ಬೆಳೆಯ ಪ್ರಮಾಣವನ್ನೋ ಕುಟುಂಬಗಳ ಖರ್ಚನ್ನೋ ತಿಳಿಯಲು ಪ್ರತಿ ಹೊಲ, ಪ್ರತಿ ಮನೆಯನ್ನೂ ಎಣಿಸಬೇಕಾಗಿಲ್ಲ. ಕ್ರಮಬದ್ಧವಾಗಿ ಆಯ್ದ ಕೆಲವನ್ನಷ್ಟೇ ಪರಿಶೀಲಿಸಿ ಸಮಗ್ರವನ್ನು ಅಂದಾಜು ಮಾಡುವ ವಿಧಾನವೇ ಮಾದರಿ ಸಮೀಕ್ಷೆ. ಇರುವಷ್ಟು ಹಣವನ್ನು ಹೇಗೆ ವಿನಿಯೋಗಿಸಿದರೆ ಅಂದಾಜಿನ ದೋಷ ಕನಿಷ್ಠವಾದೀತು ಎಂಬುದು ಈ ಶಾಸ್ತ್ರದ ಮೂಲ ಪ್ರಶ್ನೆ.

ಬಂಗಾಳದ ಸೆಣಬು

ಭಾರತದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಪ್ರಮುಖರು ಪ್ರಶಾಂತಚಂದ್ರ ಮಹಾಲನೋಬಿಸ್ (1893-1972). 1931ರಲ್ಲಿ ಕೋಲ್ಕತ್ತದಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಸ್ಥಾಪಿಸಿದ ಅವರು, 1937ರಿಂದ ಅವಿಭಜಿತ ಬಂಗಾಳದಲ್ಲಿ ಸೆಣಬು ಬೆಳೆಯ ಸಮೀಕ್ಷೆ ಕೈಗೊಂಡರು. ಮೊದಲು ಸಣ್ಣ ಪ್ರಮಾಣದಲ್ಲಿ ಪ್ರಾಯೋಗಿಕ ಸಮೀಕ್ಷೆ ನಡೆಸಿ, ನಡಿಗೆಗೆ ಹಾಗೂ ಅಳತೆಗೆ ಎಷ್ಟು ಸಮಯ ತಗಲುತ್ತದೆಂದು ಲೆಕ್ಕವಿಟ್ಟು, ಅದರ ಆಧಾರದ ಮೇಲೆ ಮುಂದಿನ ವರ್ಷದ ಯೋಜನೆಯನ್ನು ರೂಪಿಸಲಾಗುತ್ತಿತ್ತು.

1940ರ ದಶಕದ ಒಂದು ಹೋಲಿಕೆ ಪ್ರಸಿದ್ಧವಾಗಿದೆ. ಮಾದರಿ ಸಮೀಕ್ಷೆಯ ಅಂದಾಜು ಸುಮಾರು 75.4 ಲಕ್ಷ ಬೇಲ್. ಪ್ರತಿ ಹೊಲವನ್ನೂ ಎಣಿಸಿದ ಪೂರ್ಣ ಗಣತಿಯ ಅಂಕಿ 63 ಲಕ್ಷ. ವ್ಯಾಪಾರ ಮತ್ತು ಸುಂಕದ ದಾಖಲೆಗಳಿಂದ ದೊರೆತ ನೈಜ ಪ್ರಮಾಣ 75.6 ಲಕ್ಷ. ಗಣತಿಗೆ ತಗಲಿದ ವೆಚ್ಚ ಸುಮಾರು 82 ಲಕ್ಷ ರೂಪಾಯಿಯಾದರೆ ಸಮೀಕ್ಷೆಗೆ 8 ಲಕ್ಷ ಸಾಕಾಯಿತು. ಕಡಿಮೆ ಸಿಬ್ಬಂದಿಗೆ ಒಳ್ಳೆಯ ತರಬೇತಿ ನೀಡಿ, ಅವರ ಕೆಲಸವನ್ನು ಮೇಲ್ವಿಚಾರಣೆ ಮಾಡುವುದು ಸುಲಭ. ಸಹಸ್ರಾರು ಗಣತಿದಾರರ ವಿಷಯದಲ್ಲಿ ಅದು ದುಸ್ಸಾಧ್ಯ.

ಹಣದ ಹಂಚಿಕೆ

ಮಾದರಿಯ ಗಾತ್ರ ಹೆಚ್ಚಿದಂತೆ ದೋಷ ತಗ್ಗುವುದು ಅದರ ವರ್ಗಮೂಲದ ಪ್ರಮಾಣದಲ್ಲಿ ಮಾತ್ರ. ಶೇಕಡಾ 50ರ ಆಸುಪಾಸಿನ ಪ್ರಮಾಣವೊಂದನ್ನು ಯಾದೃಚ್ಛಿಕವಾಗಿ ಆಯ್ದ 400 ಜನರಿಂದ ಅಂದಾಜಿಸಿದರೆ ದೋಷದ ಮಿತಿ ಸುಮಾರು 5 ಅಂಶ. ಅದನ್ನು ಅರ್ಧಕ್ಕಿಳಿಸಲು 1600 ಜನ ಬೇಕು. ಆದ್ದರಿಂದ ಸಂಖ್ಯೆಯನ್ನು ಹೆಚ್ಚಿಸುವುದಕ್ಕಿಂತ ವಿನ್ಯಾಸವನ್ನು ಸುಧಾರಿಸುವುದೇ ಅನೇಕ ವೇಳೆ ಲಾಭಕರ.

ಇದಕ್ಕೆ ಮುಖ್ಯ ಮಾರ್ಗ ಸ್ತರೀಕರಣ. ಜನಸಮೂಹವನ್ನು ನಗರ-ಗ್ರಾಮ, ನೀರಾವರಿ-ಖುಷ್ಕಿ ಮುಂತಾದ ಸ್ತರಗಳಾಗಿ ವಿಂಗಡಿಸಿ, ವೈವಿಧ್ಯ ಹೆಚ್ಚಿರುವ ಸ್ತರದಿಂದ ಹೆಚ್ಚು ಮಾದರಿ ಪಡೆಯುವ ಸೂತ್ರವನ್ನು 1934ರಲ್ಲಿ ಜೆರ್ಜಿ ನೇಮನ್ ಮಂಡಿಸಿದರು. ವೆಚ್ಚವನ್ನೂ ಗಣಿಸಿದಾಗ, ಬೇರೆಲ್ಲ ಸಮನಾಗಿದ್ದು ಒಂದು ಸ್ತರದಲ್ಲಿ ಸಂದರ್ಶನದ ಖರ್ಚು ನಾಲ್ಕು ಪಟ್ಟಿದ್ದರೆ, ಅಲ್ಲಿಂದ ಅರ್ಧದಷ್ಟು ಮಾದರಿ ಸಾಕು.

ಪ್ರಯಾಣದ ವೆಚ್ಚ ಉಳಿಸಲು ಆಯ್ದ ಹಳ್ಳಿಗಳಲ್ಲಷ್ಟೇ ಹಲವು ಮನೆಗಳನ್ನು ಸಂದರ್ಶಿಸುವುದುಂಟು. ಆದರೆ ಒಂದೇ ಊರಿನ ಮನೆಗಳು ಪರಸ್ಪರ ಹೋಲುತ್ತವೆ. ಈ ಹೋಲಿಕೆಯ ಗುಣಾಂಕ ಕೇವಲ 0.05 ಇದ್ದರೂ, 50 ಹಳ್ಳಿಗಳಲ್ಲಿ ತಲಾ 20ರಂತೆ ಆಯ್ದ 1000 ಮನೆಗಳು ಬಿಡಿಬಿಡಿಯಾಗಿ ಆಯ್ದ ಸುಮಾರು 513 ಮನೆಗಳಷ್ಟೇ ಮಾಹಿತಿ ನೀಡುತ್ತವೆ.

ಕನ್ನಡ ನೆಲದ ಕೊಡುಗೆ

ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ.ಆರ್. ರಾವ್, ಮಹಾಲನೋಬಿಸ್ ಅವರ ಸಂಸ್ಥೆಯಲ್ಲಿದ್ದಾಗ 1945ರಲ್ಲಿ ಪ್ರಕಟಿಸಿದ ಪ್ರಬಂಧ, ಪಕ್ಷಪಾತರಹಿತ ಅಂದಾಜಿನ ಚಂಚಲತೆಯನ್ನು ಎಷ್ಟರ ಮಟ್ಟಿಗೆ ತಗ್ಗಿಸಬಹುದು ಎಂಬುದಕ್ಕೆ ಗಡಿ ಹಾಕಿಕೊಟ್ಟಿತು. ಅವರು 2023ರಲ್ಲಿ ನಿಧನರಾದರು. ದೇಶದ ರಾಷ್ಟ್ರೀಯ ಮಾದರಿ ಸಮೀಕ್ಷೆ 1950ರಲ್ಲಿ ಆರಂಭವಾಯಿತು.

ಆಯ್ಕೆಯಲ್ಲೇ ಪಕ್ಷಪಾತವಿದ್ದರೆ ಮಾದರಿ ಎಷ್ಟು ದೊಡ್ಡದಾದರೂ ಪ್ರಯೋಜನವಿಲ್ಲ. ಹೀಗಾಗಿ ಯಾವುದೇ ಸಮೀಕ್ಷೆಯ ವರದಿಯನ್ನು ಓದುವಾಗ ಎಷ್ಟು ಜನರನ್ನು ಕೇಳಲಾಯಿತು ಎಂಬುದಕ್ಕಿಂತ ಮೊದಲು, ಅವರನ್ನು ಹೇಗೆ ಆರಿಸಲಾಯಿತು ಎಂದು ನೋಡುವುದು ಸೂಕ್ತ.