ಮನೆಯ ನುಡಿ, ಶಾಲೆಯ ನುಡಿ: ಗಲೀಸಿಯನ್ ಮತ್ತು ಸೆಬುವಾನೊ ಭಾಷೆಗಳ ಇತಿಹಾಸದಿಂದ

ಗಡಿಯಾಚೆಯ ಕನ್ನಡ ಮನೆಗಳಲ್ಲಿ ಮಗುವನ್ನು ಶಾಲೆಗೆ ಸೇರಿಸುವ ಕಾಲ ಬಂದಾಗ ಎರಡು ಸಮಾಧಾನದ ಮಾತುಗಳು ಕೇಳಿಬರುತ್ತವೆ. ‘ಸಂವಿಧಾನದಲ್ಲಿ ನಮಗೆ ರಕ್ಷಣೆಯಿದೆ, ಭಾಷೆಗೇನೂ ಆಗದು’ ಎಂಬುದು ಒಂದು. ‘ಮನೆಯಲ್ಲಿ ಹೇಗೂ ಕನ್ನಡವನ್ನೇ ಆಡುತ್ತೇವೆ, ಶಾಲೆಯಲ್ಲಿ ಅದು ಏತಕ್ಕೆ?’ ಎಂಬುದು ಇನ್ನೊಂದು. ಈ ಎರಡು ಮಾತುಗಳನ್ನೂ ಇತಿಹಾಸವು ದೂರದ ಎರಡು ಭಾಷೆಗಳ ಮೇಲೆ ಪರೀಕ್ಷಿಸಿ ನೋಡಿದೆ. ಒಂದು, ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯನ್. ಇನ್ನೊಂದು, ಫಿಲಿಪ್ಪೀನ್ಸ್ ದ್ವೀಪಗಳ ಸೆಬುವಾನೊ.

ಕುಲದಿಂದ ಇವೆರಡಕ್ಕೂ ಸಂಬಂಧವಿಲ್ಲ. ಗಲೀಸಿಯನ್ ಲ್ಯಾಟಿನ್ನಿನಿಂದ ಹುಟ್ಟಿದ್ದು, ಪೋರ್ಚುಗೀಸಿನ ಒಡಹುಟ್ಟು. ಸೆಬುವಾನೊ ಆಸ್ಟ್ರೋನೇಷ್ಯನ್ ಕುಟುಂಬದ್ದು, ಟಗಲಾಗ್ ಮತ್ತು ಮಲಯ ಭಾಷೆಗಳ ಬಳಗದ್ದು. ಇವೆರಡರ ನಡುವೆ ನಂಟು ಕಟ್ಟಿದ್ದು ಸ್ಪೇನಿನ ಆಳ್ವಿಕೆ. ಶಾಲೆಗೆ ಗಲೀಸಿಯನ್ನಿನಲ್ಲಿ ‘ಎಸ್ಕೋಲ’ ಎನ್ನುತ್ತಾರೆ. ಸೆಬುವಾನೊ ಜನರು ಸ್ಪ್ಯಾನಿಷಿನ ‘ಎಸ್ಕ್ವೇಲ’ಕ್ಕೆ ತಮ್ಮದೇ ಪ್ರತ್ಯಯವನ್ನು ಸೇರಿಸಿ ‘ಎಸ್ಕ್ವೆಲಹಾನ್’ ಎನ್ನುತ್ತಾರೆ. ಶಾಲೆಯ ಹೆಸರು ಎರಡೂ ಭಾಷೆಗಳಲ್ಲಿತ್ತು. ಶಾಲೆಯ ಒಳಗೆ ಮಾತ್ರ ಬಹುಕಾಲ ಎರಡಕ್ಕೂ ಎಡೆಯಿರಲಿಲ್ಲ.

ಗಲೀಸಿಯನ್ನಿನ ಆರಂಭ ರಾಜವೈಭವದ್ದು. 13ನೆಯ ಶತಮಾನದಲ್ಲಿ ಕ್ಯಾಸ್ಟೀಲ್ ದೊರೆಯಾದ ಹತ್ತನೆಯ ಅಲ್ಫಾನ್ಸೊನ ಆಸ್ಥಾನದಲ್ಲಿ, ಕನ್ಯೆ ಮರಿಯಳನ್ನು ಕುರಿತ ನಾಲ್ಕುನೂರಕ್ಕೂ ಹೆಚ್ಚು ಹಾಡುಗಳು ರಚಿತವಾದದ್ದು ಅಂದಿನ ಗಲೀಸಿಯನ್-ಪೋರ್ಚುಗೀಸ್ ನುಡಿಯಲ್ಲಿ. ಅನಂತರ ಆಡಳಿತ, ನ್ಯಾಯ, ಧರ್ಮಗಳೆಲ್ಲ ಸ್ಪ್ಯಾನಿಷಿಗೆ ಸರಿದವು. 16ರಿಂದ 18ನೆಯ ಶತಮಾನದವರೆಗಿನ ಅವಧಿಯನ್ನು ಗಲೀಸಿಯದವರು ‘ಕತ್ತಲೆಯ ಶತಮಾನಗಳು’ ಎಂದೇ ಕರೆಯುತ್ತಾರೆ. ಬರವಣಿಗೆ ಬಹುಮಟ್ಟಿಗೆ ನಿಂತುಹೋಯಿತು. ಆದರೂ ರೈತರ, ಬೆಸ್ತರ ಮನೆಗಳಲ್ಲಿ ಮಾತು ನಿಲ್ಲಲಿಲ್ಲ. ಆದುದರಿಂದಲೇ 1863ರಲ್ಲಿ ರೊಸಾಲಿಯ ದೆ ಕಾಸ್ತ್ರೊ ಎಂಬ ಕವಯಿತ್ರಿ ಆ ಜನರ ನುಡಿಯಲ್ಲೇ ಕವಿತಾ ಸಂಕಲನವೊಂದನ್ನು ಹೊರತರಲು ಸಾಧ್ಯವಾಯಿತು. 1906ರಲ್ಲಿ ಭಾಷಾ ಅಕಾಡೆಮಿ ಹುಟ್ಟಿತು. 1939ರಿಂದ 1975ರವರೆಗಿನ ಫ್ರಾಂಕೊ ಸರ್ವಾಧಿಕಾರವು ಈ ಭಾಷೆಯನ್ನು ಮತ್ತೆ ಶಾಲೆಯಿಂದಲೂ ಕಚೇರಿಯಿಂದಲೂ ಹೊರಗಿಟ್ಟಿತು.

ಆ ಮೇಲೆ ಬಂದ ಕಾನೂನುಗಳು ಯಾವ ಅಲ್ಪಸಂಖ್ಯಾತ ಭಾಷಿಕರೂ ಹಾರೈಸುವಂಥವು. 1981ರ ಸ್ವಾಯತ್ತತಾ ಶಾಸನವು ಗಲೀಸಿಯನ್ನಿಗೆ ಅಧಿಕೃತ ಸ್ಥಾನ ನೀಡಿತು. 1982ರಲ್ಲಿ ಅಧಿಕೃತ ಕಾಗುಣಿತ, 1983ರಲ್ಲಿ ಭಾಷಾ ಕಾಯಿದೆ ಬಂದವು. 2007ರ ಆದೇಶವು ಶಾಲಾ ಬೋಧನೆಯಲ್ಲಿ ಕನಿಷ್ಠ ಅರ್ಧದಷ್ಟು ಗಲೀಸಿಯನ್ನಿನಲ್ಲಿ ನಡೆಯಬೇಕೆಂದಿತು. ಮೂರೇ ವರ್ಷಗಳಲ್ಲಿ, 2010ರ ಹೊಸ ಆದೇಶವು ಅದನ್ನು ಬದಲಿಸಿ, ಪ್ರಾಥಮಿಕ ಹಂತದ ಗಣಿತವನ್ನು ಸ್ಪ್ಯಾನಿಷಿಗೆ ಒಪ್ಪಿಸಿತು. ಶಿಶುತರಗತಿಯಲ್ಲಿ ಹೆಚ್ಚಿನ ಮಕ್ಕಳ ಮನೆಮಾತು ಯಾವುದೋ ಅದನ್ನೇ ಶಿಕ್ಷಕರು ಬಳಸಬೇಕೆಂದಿತು. ಮೇಲ್ನೋಟಕ್ಕೆ ಇದು ನ್ಯಾಯವೇ. ಆದರೆ ನಗರಗಳ ಎಷ್ಟೋ ಮನೆಗಳಲ್ಲಿ ಗಲೀಸಿಯನ್ ಅಜ್ಜ-ಅಜ್ಜಿಯರ ಮಾತಾಗಿ ಉಳಿದಿತ್ತು. ತಮ್ಮೊಳಗೆ ಅದನ್ನಾಡುವ ತಂದೆ-ತಾಯಂದಿರೂ ಮಕ್ಕಳೊಡನೆ ಸ್ಪ್ಯಾನಿಷಿಗೆ ಹೊರಳಿದ್ದರು. 2023ರ ಸರಕಾರಿ ಸಮೀಕ್ಷೆಯಲ್ಲಿ, ಸದಾ ಅಥವಾ ಹೆಚ್ಚಾಗಿ ಗಲೀಸಿಯನ್ ಆಡುವವರ ಪ್ರಮಾಣ ಮೊದಲ ಬಾರಿಗೆ ಅರ್ಧಕ್ಕಿಂತ ಕೆಳಗಿಳಿಯಿತು. ಮಕ್ಕಳಲ್ಲಿ ಇಳಿತ ಇನ್ನೂ ತೀವ್ರ.

ಸೆಬುವಾನೊದ ಕಥೆ ಇದಕ್ಕೆ ತಿರುಗುಮುರುಗು. 1521ರಲ್ಲಿ ಮೆಗಲನ್ ಸೆಬು ದ್ವೀಪಕ್ಕೆ ಬಂದಾಗ ಅವನ ಜೊತೆಗಿದ್ದ ಪಿಗಾಫೆಟ್ಟ ಅಲ್ಲಿನ ಪದಗಳನ್ನು ಪಟ್ಟಿಮಾಡಿದ್ದ. ಸ್ಪೇನಿನ ಪಾದ್ರಿಗಳು ಜನರಿಗೆ ಸ್ಪ್ಯಾನಿಷ್ ಕಲಿಸುವುದರ ಬದಲು ತಾವೇ ಜನರ ಭಾಷೆ ಕಲಿತು ಉಪದೇಶಿಸಿದರು. ರೊಸಾಲಿಯಳ ಪುಸ್ತಕ ಬಂದ 1863ರಲ್ಲಿಯೇ, ಫಿಲಿಪ್ಪೀನ್ಸಿನಲ್ಲಿ ಸ್ಪ್ಯಾನಿಷ್ ಕಲಿಸುವ ಪ್ರಾಥಮಿಕ ಶಾಲೆಗಳನ್ನು ತೆರೆಯಬೇಕೆಂದು ರಾಜಾಜ್ಞೆ ಹೊರಟಿತು. 1901ರಿಂದ ಅಮೆರಿಕದ ಆಡಳಿತವು ಇಂಗ್ಲಿಷ್ ಶಾಲೆಗಳನ್ನು ಕಟ್ಟಿತು. 1937ರಲ್ಲಿ ರಾಷ್ಟ್ರಭಾಷೆಗೆ ಟಗಲಾಗ್ ಆಧಾರವಾಯಿತು. ಆಗ ಸೆಬುವಾನೊ ಆಡುವವರ ಸಂಖ್ಯೆ ಟಗಲಾಗಿನವರಿಗಿಂತ ಕಡಿಮೆಯೇನಿರಲಿಲ್ಲ.

ಇಂದು ಸುಮಾರು ಎರಡು ಕೋಟಿ ಜನರ ಮಾತಾದ ಸೆಬುವಾನೊಗೆ ಪತ್ರಿಕೆ, ಬಾನುಲಿ, ಹಾಡು ಎಲ್ಲವೂ ಇವೆ. 1930ರಲ್ಲಿ ಆರಂಭವಾದ ‘ಬಿಸಾಯ’ ವಾರಪತ್ರಿಕೆಯನ್ನು ತಲೆಮಾರುಗಳು ಓದಿವೆ. ಶಾಲೆಯ ಬಾಗಿಲು ಮಾತ್ರ ತೆರೆಯುತ್ತ ಮುಚ್ಚುತ್ತ ಬಂದಿದೆ. 1957ರಲ್ಲಿ ಮೊದಲ ಎರಡು ತರಗತಿಗಳಿಗೆ ಪ್ರಾದೇಶಿಕ ಭಾಷೆ ಮಾಧ್ಯಮವಾಯಿತು. 1974ರ ದ್ವಿಭಾಷಾ ನೀತಿ ಅದನ್ನು ಹಿಂದಕ್ಕೆ ಸರಿಸಿತು. 2009ರ ಆದೇಶದಿಂದ ಮತ್ತೆ ಮಾತೃಭಾಷಾ ಬೋಧನೆ ಬಂದು, 2013ರ ಕಾನೂನಿನಿಂದ ಗಟ್ಟಿಯಾಯಿತು. 2024ರ ಅಕ್ಟೋಬರಿನಲ್ಲಿ ಜಾರಿಯಾದ 12027ನೆಯ ಕಾಯಿದೆಯು ಅದನ್ನು ಕಡ್ಡಾಯದಿಂದ ಬಿಡಿಸಿತು. ತರಗತಿಯ ಮಕ್ಕಳೆಲ್ಲರದೂ ಒಂದೇ ಮಾತೃಭಾಷೆಯಾಗಿದ್ದರೆ ಮಾತ್ರ ಅದನ್ನು ಬಳಸಬಹುದು. ಅದಕ್ಕೂ ಅಧಿಕೃತ ಕಾಗುಣಿತ, ಪದಸಂಗ್ರಹ, ಸಾಹಿತ್ಯ, ವ್ಯಾಕರಣ ಗ್ರಂಥ, ತರಬೇತಿ ಪಡೆದ ಶಿಕ್ಷಕರು ಇರಬೇಕು.

ಆ ಷರತ್ತುಗಳನ್ನು ಇನ್ನೊಮ್ಮೆ ಓದಿರಿ. ಗಲೀಸಿಯನ್ನಿನ ಬಳಿ ಅವೆಲ್ಲವೂ ಇವೆ. ಇಲ್ಲವಾಗುತ್ತಿರುವುದು ಅಡುಗೆಮನೆಯಲ್ಲಿ ಅದನ್ನಾಡುವ ಮಗು. ಸೆಬುವಾನೊದ ಬಳಿ ಮಗು ಇದೆ. ಮಗುವಿನ ಕೈಗೆ ಕೊಡುವ ಗಣಿತದ ಪುಸ್ತಕಕ್ಕೆ ಭರವಸೆಯಿಲ್ಲ. ಇಪ್ಪತ್ತು ಎನ್ನಲು ‘ಕವ್ಹಾನ್’ ಎಂಬ ಸ್ವಂತ ಪದವಿದ್ದರೂ ಅಲ್ಲಿನ ಸಂತೆಯಲ್ಲಿ ಕೇಳಿಬರುವುದು ಸ್ಪ್ಯಾನಿಷ್ ಮೂಲದ ‘ಬೈಂತೆ’. ಲೆಕ್ಕ, ವಿಜ್ಞಾನ, ಕಾನೂನುಗಳನ್ನು ಬೇರೆ ಭಾಷೆಗೆ ಒಪ್ಪಿಸಿದ ನುಡಿಯು ಬದುಕಿರುತ್ತದೆ, ಆದರೆ ಬೆಳೆಯುವುದಿಲ್ಲ. ಮನೆಯಿಂದ ಹೊರಬಿದ್ದ ನುಡಿಯು ಪುಸ್ತಕದಲ್ಲಿ ಬೆಳೆಯಬಹುದು, ಆದರೆ ಅದನ್ನು ಓದುವವರು ಪ್ರತಿ ತಲೆಮಾರಿಗೂ ಕಡಿಮೆಯಾಗುತ್ತಾರೆ.

ನಮಗೂ 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯಿದೆ. ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ತಕ್ಕ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆಂದು ಅದು ಹೇಳುತ್ತದೆ. ಆ ವಿಧಿ ಬಾಗಿಲನ್ನು ತೆರೆದಿಡಬಲ್ಲದು. ಒಳಗೆ ಮಗುವನ್ನು ಕಳುಹಿಸಬೇಕಾದವರು ನಾವೇ. ಕಾಸರಗೋಡಿನಲ್ಲಾಗಲಿ, ಜತ್ತದಲ್ಲಾಗಲಿ, ತಾಳವಾಡಿಯಲ್ಲಾಗಲಿ, ದಾಖಲಾತಿ ಅರ್ಜಿಯ ಮಾತೃಭಾಷೆಯ ಅಂಕಣದಲ್ಲಿ ‘ಕನ್ನಡ’ ಎಂದು ಬರೆಯಿರಿ. ಕನ್ನಡ ಬಲ್ಲ ಶಿಕ್ಷಕರಿದ್ದಾರೆಯೇ, ಪಠ್ಯಪುಸ್ತಕ ಬಂದಿದೆಯೇ ಎಂದು ಪೋಷಕರ ಸಭೆಯಲ್ಲಿ ಕೇಳಿರಿ. ರಾಜ್ಯಭಾಷೆಯನ್ನೂ ಇಂಗ್ಲಿಷನ್ನೂ ಮಗು ಚೆನ್ನಾಗಿ ಕಲಿಯಲಿ. ಸಂಜೆ ಅದು ಮನೆಗೆ ಬಂದು ಲೆಕ್ಕ ಬಿಡಿಸುವಾಗ, ಪಕ್ಕದಲ್ಲಿ ಕುಳಿತು ಕನ್ನಡದಲ್ಲಿಯೇ ಎಣಿಸಿರಿ.